ಗೋದಾವರಿ ಅಂಬೋರು ಇಲ್ಲಿ ಯಾರೂ ಇಲ್ರಿ

ಭಾಲ್ಕಿಯ ನಮ್ಮ ಓಣಿಗೆ ಈಚೆಗೆ ಒಬ್ಬ ಪೊಲೀಸಪ್ಪ ಬಂದ. ಬೈಕ್ ನಿಲ್ಲಿಸಿ, ಕೈಯಲ್ಲಿನ ಕಾಗದ ನೋಡಿ ಕೇಳಿದ: "ಅವ್ವಾರ, ಗೋದಾವರಿ ಅಂಬೋರ ಮನಿ ಯಾವುದ್ರಿ?"

ನಾನೂ ಪಕ್ಕದ ಮನೆಯ ಕಮಲಾಬಾಯಿಯೂ ಕಟ್ಟೆಯ ಮೇಲೆ ಕುಳಿತು ತೊಗರಿ ಬೇಳೆ ಹಸನು ಮಾಡುತ್ತಿದ್ದೆವು. ಕಮಲಾಬಾಯಿ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ರಿ. ಆ ಕಡಿ ಓಣ್ಯಾಗ ಕೇಳ್ರಿ," ಅಂತ ನಾನೇ ಹೇಳಿದೆ.

ಆತ ಹೋದ. ಇನ್ನೊಂದು ಹಿಡಿ ಬೇಳೆ ಆರಿಸುವಷ್ಟರಲ್ಲಿ ನೆನಪಾಯಿತು. ಗೋದಾವರಿ ಅಂದರೆ ನಾನೇ ಅಲ್ಲವೇ?

ನೀವು ವಾರವಾರ ಓದುವ ಈ ಸುಮಿತ್ರಾಬಾಯಿ ಹುಟ್ಟಿದ್ದು ಔರಾದಿನಲ್ಲಿ. ಅಲ್ಲಿ ಇಟ್ಟ ಹೆಸರು ಗೋದಾವರಿ. ಮೂರನೇ ಕ್ಲಾಸಿಗೆ ಸಾಲಿ ಬಿಡಿಸಿದರು, ಸಾಲಿಯ ಕಾಗದದಲ್ಲಿ ಆ ಹೆಸರು ಹಾಗೇ ಉಳಿಯಿತು. ಮದುವೆಯ ದಿನ ನಮ್ಮ ಯಜಮಾನರು ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಉಂಗುರದಿಂದ 'ಸುಮಿತ್ರಾ' ಎಂದು ಬರೆದರು. (ಮರಾಠಿ, ಕನ್ನಡ ಎರಡೂ ಆಡುವ ನಮ್ಮಂಥ ಮನೆಗಳಲ್ಲಿ ಸೊಸೆಗೆ ಹೊಸ ಹೆಸರು ಇಡುವುದು ಹೀಗೆ.) ಅವತ್ತಿನಿಂದ ನಲವತ್ತಾರು ವರ್ಷ ನಾನು ಸುಮಿತ್ರಾ. ರೇಷನ್ ಕಾರ್ಡಿನಲ್ಲೂ ಸುಮಿತ್ರಾ. ಆದರೆ ಆಧಾರ್ ಮಾಡಿಸುವಾಗ ಹುಟ್ಟಿದ ತಾರೀಖಿಗೆಂದು ಸಾಲಿಯ ಕಾಗದ ಕೊಟ್ಟಿದ್ದೆವು. ಆಧಾರ್ ಗೋದಾವರಿಯಾಯಿತು. ಅದನ್ನೇ ನೋಡಿ ಕಂಪ್ಯೂಟರ್ ಅಂಗಡಿಯವರು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಪೊಲೀಸಪ್ಪ ಬಂದದ್ದು ಅದರ ವಿಚಾರಣೆಗೆ.

ಈ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಯಾಕೆ ಅಂತೀರಾ? ನಾನು ಅಜ್ಜಿಯಾಗಿದ್ದೇನೆ. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಮಗಳು ರೇಖಾಗೆ ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹೆಣ್ಣುಕೂಸು ಹುಟ್ಟಿದೆ. ಹಾಲಿನವನಿಗೂ ಬಸ್ ಕಂಡಕ್ಟರನಿಗೂ ಫೋಟೋ ತೋರಿಸಿದ್ದೇನೆ. ಆ ಮೂಗು ನನ್ನದು. (ಹೌದು ಅನ್ನುವವರೆಗೂ ನಾನು ಫೋನು ಕೆಳಗಿಡುವುದಿಲ್ಲ.) ಆರು ತಿಂಗಳು ಅಲ್ಲಿರಲು ಹೊರಟಿದ್ದೇನೆ. ಕೂಸಿಗೆ ಕೌದಿ, ತಲೆಗೆ ಕುಲಾಯಿ, ಬಾಣಂತಿಗೆ ಅಂಟಿನ ಉಂಡಿ ಎಲ್ಲ ಬ್ಯಾಗಿನಲ್ಲಿವೆ.

"ಅವ್ವಾ, ನೀ ಬರೋತನ ಕೂಸಿನ್ನ ತೊಟ್ಟಿಲಿಗೆ ಹಾಕಂಗಿಲ್ಲ," ಅಂದಿದ್ದಾಳೆ ರೇಖಾ. ಅಲ್ಲಿಯ ಆಫೀಸಿನಲ್ಲಿ ಏನು ಬರೆಸಿದ್ದಾರೋ ಗೊತ್ತಿಲ್ಲ. ನಮ್ಮ ಪಾಲಿಗೆ ತೊಟ್ಟಿಲಿಗೆ ಹಾಕಿ ಕರೆಯುವವರೆಗೆ ಕೂಸಿಗೆ ಹೆಸರಿಲ್ಲ. ನಾನು ಹೋಗಬೇಕು, ಆಮೇಲೆ ಹೆಸರು. ನಾನೋ, ನಾನು ಇಲ್ಲಿಲ್ಲ ಅಂತ ಪೊಲೀಸರಿಗೆ ಹೇಳಿ ಕೂತಿದ್ದೇನೆ.

ಪಾಪ, ಆತ ಫೋನೂ ಮಾಡಿದ್ದನಂತೆ. ಅರ್ಜಿಯಲ್ಲಿದ್ದದ್ದು ಯಜಮಾನರ ನಂಬರು. ಅವರು ಫೋನನ್ನು ಚಾರ್ಜಿಗೆ ಹಾಕಿ ಹೊಲಕ್ಕೆ ಹೋಗಿದ್ದರು.

ಬೀದರಿನ ಆಫೀಸಿಗೆ ಓಡಿದೆವು. ಕೌಂಟರಿನವರು ಒಳ್ಳೆಯವರು. "ಅಜ್ಜಿ, ಗೋದಾವರಿ ಆ ವಿಳಾಸದಾಗ ಇಲ್ಲಂತ ರಿಪೋರ್ಟ್ ಬಂದದ," ಅಂದರು.

"ಹಂಗಂತ ಯಾರ ಹೇಳಿದ್ರಿ?"

"ಓಣಿ ಮಂದಿ ಹೇಳ್ಯಾರಂತ."

"ಆ ಓಣಿ ಮಂದಿ ನಾನ ರೀ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದಿನದು ಕೇಳಬೇಡಿ. ಎರಡೂ ಹೆಸರು ಒಬ್ಬಳದೇ ಎಂದು ವಕೀಲರ ಹತ್ತಿರ ಅಫಿಡವಿಟ್. ಪೇಪರಿನಲ್ಲಿ ಪ್ರಕಟಣೆ. (ಹೋದ ತಿಂಗಳು ಇದೇ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬಂದಿತ್ತು. ನೀವು ಯಾರೂ ಓದಿಲ್ಲ, ನನಗೆ ಗೊತ್ತು.) ಅದರ ಮೇಲೆ, ಗೋದಾವರಿಯನ್ನು ಬಲ್ಲೆವು ಅಂತ ನೆರೆಯವರಿಬ್ಬರ ಸಹಿ.

ಗೋದಾವರಿಯನ್ನು ಬಲ್ಲವರು ಭಾಲ್ಕಿಯಲ್ಲಿ ಯಾರಿದ್ದಾರೆ? ಯಜಮಾನರನ್ನೇ ಕೇಳಿದೆ, "ನನ್ನ ಮೊದಲಿನ ಹೆಸರು ನಿಮಗರೆ ನೆನಪಿತ್ತೇನ್ರಿ?"

"ಯಾವುದೋ ಹೊಳಿ ಹೆಸರು ಅಂತ ನೆನಪಿತ್ತು. ಗಂಗಾನೋ, ಯಮುನಾನೋ."

ಹಿಂದಿನ ಓಣಿಯ ಮಾಸ್ತರರು ಅಫಿಡವಿಟ್ ಓದಿ ಸಹಿ ಹಾಕಿದರು. ಕಮಲಾಬಾಯಿ ಪೆನ್ನು ಮುಟ್ಟಲಿಲ್ಲ.

"ಸುಳ್ಳ ಸಹಿ ನಾ ಹಾಕಂಗಿಲ್ಲ ವೈನಿ. ಗೋದಾವರಿ ಅಂದ್ರ ಯಾರಂತ ನನಗ ಗೊತ್ತಿಲ್ಲ."

"ನಾನ ಅಲ್ಲೇನ?"

"ನಲವತ್ತ ವರ್ಷ ನಮ್ಮನಿ ಮೊಸರ ಉಂಡೀರಿ. ನನ್ನ ಸೊಸಿ ಗುಟ್ಟು, ನಿಮ್ಮ ಅತ್ತಿ ಗುಟ್ಟು ಎಲ್ಲಾ ಮಾತಾಡೀವಿ. ಹೆಸರೊಂದು ಮುಚ್ಚಿಟ್ರಿ?"

"ಮುಚ್ಚಿಟ್ಟಿಲ್ಲ ತಾಯಿ. ನೀ ಕೇಳಿಲ್ಲ."

"ಹೆಸರು ಗೊತ್ತಿದ್ದೋರಿಗಿ ಹೆಸರು ಕೇಳ್ತಾರೇನ್ರಿ?"

ಆಕೆಯ ಮಾತೂ ಖರೆ. ಆದರೆ ಅಲ್ಲಿ ಕೂಸು ದಿನಕ್ಕಿಷ್ಟು ಬೆಳೆಯುತ್ತಿದೆ. ಇದೇ ತೆರನಾದರೆ ನಾನು ಹೋಗುವ ಹೊತ್ತಿಗೆ ಅದು ತೊಟ್ಟಿಲಿನಿಂದ ಇಳಿದು ಬಾಗಿಲು ತೆಗೆಯುತ್ತದೆ, ಅಷ್ಟೇ.

ಕೊನೆಗೆ ಔರಾದಿನ ನನ್ನ ತಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಕಮಲಾಬಾಯಿಯೇ ವಕೀಲರ ಹಾಗೆ ಕೇಳಿದಳು, "ಅಣ್ಣಾ, ನಿಮ್ಮ ಭಾಲ್ಕಿ ಅಕ್ಕನ ಹೆಸರೇನ್ರಿ?"

"ಗೋದಿ ಏನ್ರಿ? ಯಾಕ, ಏನರೆ ಮಾಡ್ಕೊಂಡಳೇನು? ಸಣ್ಣಾಕಿದ್ದಾಗ ಹುಣಸಿ ಗಿಡದ ಮ್ಯಾಗಿಂದ ಬಿದ್ದು ಮಾಸ್ತರಗೆ ಅಂಜಿ ಎರಡ ದಿನ ಸಾಲಿಗಿ ಹೋಗಿದ್ದಿಲ್ಲರಿ ಆಕಿ."

ಕಮಲಾಬಾಯಿ ಬಿದ್ದುಬಿದ್ದು ನಕ್ಕು ಸಹಿ ಹಾಕಿದಳು. ಈಗ ಓಣಿಯಲ್ಲಿ ನನ್ನ ಮೂರನೇ ಹೆಸರು ಗೋದಿ.

ಪೊಲೀಸಪ್ಪ ಇನ್ನೊಮ್ಮೆ ಬಂದ. ಈ ಸಲ ಆತ ಬೈಕ್ ನಿಲ್ಲಿಸುವ ಮೊದಲೇ ನಾನು ಎದ್ದು ನಿಂತು ಗೋದಾವರಿ ಅಂದೆ. ಪಾಸ್‌ಪೋರ್ಟ್ ಮೊನ್ನೆ ಮಂಗಳವಾರ ಕೈ ಸೇರಿತು.

ಅವತ್ತೇ ರೇಖಾ ಅಲ್ಲಿಂದಲೇ ವೀಸಾ ಫಾರ್ಮ್ ತುಂಬಲು ಕೂತಳು. ನಾನು ವಿಡಿಯೋ ಕಾಲಿನಲ್ಲಿ, ಅವಳ ತೊಡೆಯ ಮೇಲೆ ಕೂಸು. ಹುಟ್ಟಿದ ತಾರೀಖು ಆಯಿತು, ವಿಳಾಸ ಆಯಿತು. ಆಮೇಲೆ ಪರದೆಗೆ ಮುಖ ಹತ್ತಿರ ತಂದು ಓದಿದಳು.

"ಅವ್ವಾ, ಇಲ್ಲೊಂದು ಪ್ರಶ್ನಿ ಅದ. ಈ ಮೊದಲ ನಿಮಗ ಬ್ಯಾರೆ ಹೆಸರಿತ್ತೇನು, ಇದ್ರ ಅದು ಯಾವುದು ಅಂತ ಕೇಳ್ಯಾರ."

ಅತ್ತೆ ಕೇಳಲಿಲ್ಲ, ಗಂಡ ಕೇಳಲಿಲ್ಲ, ನಲವತ್ತು ವರ್ಷದ ಗೆಳತಿ ಕೇಳಲಿಲ್ಲ. ಇಷ್ಟು ಸಣ್ಣ ಮಾತು ಕೇಳಲು ಇಂಗ್ಲೆಂಡಿನ ಸರ್ಕಾರವೇ ಬೇಕಾಯಿತೇನ್ರಿ?