ಬ್ಯಾಳಿ ವಾಯು ಅಂದವರ ಮೇಲಿನ ಸಿಟ್ಟು

‘ವಾಯು’ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ಸವಣೂರಿಗೆ ಮದುವೆ ಮಾಡಿ ಕೊಟ್ಟಿದ್ದ ಅಕ್ಕ, ಬೆರಳ ಗಂಟುಗಳೆಲ್ಲ ಬಾತುಕೊಂಡು, ಇನ್ನೂ ನಡೆಯಲು ಕಲಿಯದ ಮಗಳೊಂದಿಗೆ ಅಕ್ಕಿಆಲೂರಿನ ನಮ್ಮ ಮನೆಗೆ ಬಂದಳು. ಸವಣೂರಿನ ಡಾಕ್ಟರು ಸಂಧಿವಾತ ಅಂದು ಗುಳಿಗೆ ಕೊಟ್ಟಿದ್ದರು. ‘ವಾತ’ ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಅವ್ವ ತೀರಿಕೊಂಡಾಗಿನಿಂದ ಅಡುಗೆಮನೆ ಆಳುತ್ತಿದ್ದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪಥ್ಯ ಸಾರಿಬಿಟ್ಟಳು.

“ಬ್ಯಾಳಿ ವಾಯು. ಕಡ್ಲಿ ವಾಯು. ಅಲಸಂದಿ ಹೆಸರನ ತಗೀಬ್ಯಾಡ್ರಿ. ಮೊಸರು ಕೊಟ್ರ ಕೀಲು ಹಿಡೀತಾವ.”

“ಆಯಿ, ಗಾಳಿನೂ ವಾಯುನ. ಅಕ್ಕನ ಮೂಗು ಕಟ್ಟೂಣೇನು?” ಅಂದೆ.

“ಪಿಯುಸಿ ಪಾಸಾಗಲಾರದ ಮಂಗ್ಯಾ, ನೀ ಬಾಯಿ ಮುಚ್ಚು.”

ಬಾಯಿ ಮುಚ್ಚಿ ರೊಟ್ಟಿ ಬಡಿಯಲು ಕುಂತೆ. ನನ್ನ ರೊಟ್ಟಿ ಎತ್ತುವಷ್ಟರಲ್ಲೇ ಮೂರು ತಾಲೂಕಾಗಿ ಒಡೆಯಿತು: ಒಂದು ಹಂಚಿನ ಮೇಲೆ, ಒಂದು ಒಲೆಯಲ್ಲಿ, ಒಂದು ನನ್ನ ತಲೆಗೂದಲಲ್ಲಿ. ಹಿತ್ತಲ ಎಮ್ಮೆ ಅದನ್ನು ಮೂಸಿ ನೋಡಿ ಓಣಿಯ ಎಮ್ಮೆಗಳಿಗೆಲ್ಲ ಎಚ್ಚರಿಕೆ ಕೊಟ್ಟಿತು.

ಅಕ್ಕನಿಗೆ ಸಿಕ್ಕಿದ್ದು ಬರೀ ಗಂಜಿ, ಮೆತ್ತಗಿನ ಅನ್ನ, ತಿಳಿಸಾರು. ಮೇಲಿಂದ “ಕೈ ಎತ್ತಬ್ಯಾಡ, ಮಲಕ್ಕೊ” ಎಂಬ ಅಪ್ಪಣೆ. ಮಳೆಗಾಲ ಮುಗಿಯುವ ಹೊತ್ತಿಗೆ ಗುಳಿಗೆಯಿಂದ ಬಾವು ಇಳಿದಿತ್ತು. ಆದರೆ ತೋಳು? ಬಳೆಗಳು ಮೊಣಕೈ ತನಕ ಏರಿ ಹೋಗುತ್ತಿದ್ದವು. ತೆಗೆಯಲು ಹೋದರೆ ಬೆರಳ ಗಂಟಿಗೆ ಸಿಕ್ಕಿ ನಿಲ್ಲುತ್ತಿದ್ದವು. ಬಂದವರೆಲ್ಲ “ತೆಳ್ಳಗಾಗ್ಯಾಳ, ರೋಗ ಇಳದಂಗೈತಿ” ಅನ್ನುವವರೇ. ರೋಗ ಎಲ್ಲಿ ಇಳಿಯಿತು? ಇಳಿದದ್ದು ಅಕ್ಕ.

ಒಂದು ಸಂಜೆ ಕೂಸು ಅತ್ತಿತು. ಅಕ್ಕ ಎರಡೂ ಕೈ ಹಾಕಿ ಎತ್ತಿದಳು. ಕೂಸು ಅರ್ಧಕ್ಕೆ ಬಂದು, ಜಾರಿ, ಮತ್ತೆ ಚಾಪೆಯ ಮೇಲೆ ಕುಂತಿತು.

“ಬ್ಯಾನಿ ಆತೇನ ಅಕ್ಕ?”

“ಬ್ಯಾನಿ ಇಲ್ಲೋ. ಕೈಯಾಗ ಏನೂ ಉಳದಿಲ್ಲ.”

ಈ ಸುದ್ದಿ ಸವಣೂರಿಗೆ ಮುಟ್ಟಿತು. ಎತ್ತಲಾಗದವಳ ಹತ್ತಿರ ಕೂಸು ಯಾಕೆ, ನಾಲ್ಕು ದಿನದಲ್ಲಿ ಬಂದು ಒಯ್ಯುತ್ತೇನೆ ಎಂದು ಅಕ್ಕನ ಅತ್ತೆ ಹೇಳಿ ಕಳಿಸಿದಳು.

ನಾನು ಅಕ್ಕನನ್ನು ಹಾನಗಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ. ಸಿಟ್ಟಿನ ಭರದಲ್ಲಿ ಮೊದಲು ಹಿರೇಕೆರೂರಿನ ಬಸ್ಸು ಹತ್ತಿಸಿದ್ದೆ; ಕಂಡಕ್ಟರ್ ಬೈದು ಇಳಿಸಿದ. ಡಾಕ್ಟರು ಅಕ್ಕನ ತೋಳು ಒತ್ತಿ ನೋಡಿದರು.

“ದಿನಾ ಏನ್ ಉಣ್ತಿಯವಾ?”

ಅಕ್ಕ ಹೇಳಿದಳು. ಅವರು ನನ್ನ ಕಡೆ ತಿರುಗಿದರು.

“ಈ ರೋಗ ಕೀಲಷ್ಟ ಅಲ್ಲ, ಮಾಂಸಖಂಡಾನೂ ತಿಂತೈತಿ. ನೀವು ಬ್ಯಾಳಿ ಬಿಡಿಸಿ, ಹಾಸಿಗ್ಯಾಗ ಮಲಗಿಸಿ, ಅದಕ್ಕ ಎಲಿ ಹಾಕಿ ಬಡಿಸೀರಿ!”

“ವಾಯು ಅಂತ ನಮ್ಮ ಆಯಿ...”

“ಇದು ಹೊಟ್ಟ್ಯಾಗಿನ ಗಾಳಿ ಅಲ್ಲೋ ತಮ್ಮಾ. ಬ್ಯಾಳಿ, ಹಾಲು, ಶೇಂಗಾ ಕೊಡ್ರಿ. ಬಾವು ಇಲ್ಲದಾಗ ಕೈ ಆಡಸ್ರಿ.”

ಮನೆಗೆ ಬಂದವನೇ ಬೇಳೆಯ ಡಬ್ಬಿ ತಂದು ಆಯಿಯ ಮುಂದೆ ಕುಕ್ಕಿದೆ. ಮುಚ್ಚಳ ಹಾರಿ ಅರ್ಧ ಬೇಳೆ ನನ್ನ ಅಂಗಿಯೊಳಗೇ ಹೋಯಿತು. ಕಚಗುಳಿ ಆಗುತ್ತಿದ್ದರೂ ಚೀರಿದೆ: “ರೋಗದ ಹೆಸರಿನ್ಯಾಗ ವಾತ ಅಂತ ಬಂತಂತ ಅಕೀನ ಉಪಾಸ ಕೆಡವೂದೇನು?”

“ನಾ ಏನ್ ಅಕೀಗೆ ಕೇಡು ಬಗದ್ನೇನೋ?” ಆಯಿ ಅತ್ತಳು.

ಬಗೆದಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ಕೇಡು ಬಗೆದವರಾದರೆ ಬೈದು ಹಗುರಾಗಬಹುದು. ಪ್ರೀತಿಯಿಂದ ಉಪವಾಸ ಕೆಡವಿದವರನ್ನು ಏನು ಮಾಡುವುದು?

ಹೇಳಿದಂತೆ ಅಕ್ಕನ ಅತ್ತೆ ಬಂದೇಬಿಟ್ಟಳು. ಅಷ್ಟರಲ್ಲಿ ತೋಳು ತುಂಬುತ್ತದೆಯೇ? ಎಲ್ಲರ ಎದುರಿಗೆ, “ಎತ್ತಿ ತೋರಸವಾ, ನೋಡೂಣು” ಅಂದಳು.

ಅಕ್ಕ ಮಂಚದಿಂದ ಜಾರಿ ನೆಲಕ್ಕೆ ಕುಂತು ಕಾಲು ಚಾಚಿದಳು. ಕೂಸು ಅಂಬೆಗಾಲಿಟ್ಟು ಬಂದು, ಸೆರಗು ಜಗ್ಗಿ, ತಾನೇ ತೊಡೆ ಏರಿತು. ಅಕ್ಕ ಕಡ್ಡಿಯಂಥ ಎರಡೂ ಕೈ ಸುತ್ತಿದಳು.

“ಎತ್ತಾಕ ಬರೂದಿಲ್ರಿ ಅತ್ತಿ. ಕೊಡಾಕೂ ಬರೂದಿಲ್ಲ.”

ಅತ್ತೆ ಚಹಾ ಕೂಡ ಕುಡಿಯದೆ, ಕೂಸನ್ನು ಬಿಟ್ಟು, ಬರಿಗೈಯಲ್ಲಿ ಬಸ್ಸಿಗೆ ಹೊರಟಳು. ಆಯಿ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಬೇಳೆ ಬೇಯಲು ಇಟ್ಟಳು. ಬೆಂದ ಮೇಲೆ ಉಪ್ಪು ಸಾಲದೆಂದು ನಾನು ಜಗಳ ತೆಗೆದೆ.