ಬೆಂಕಿರಾಯರ ಕತ್ತರಿ
ರೈಲುಬೋಗಿಯ ಸೀಟು, ಪರದೆಗಳಿಗೆ ಬೆಂಕಿ ಹಚ್ಚಿ ಪರೀಕ್ಷಿಸುವುದೇ ಅವರ ಉದ್ಯೋಗ. ಹಾಗಾಗಿ ನೆಂಟರಿಷ್ಟರಿಗೆಲ್ಲ ಅವರು ಬೆಂಕಿರಾಯರು. ಯಾರ ಮನೆಗೆ ಹೋದರೂ ಕುಶಲ ವಿಚಾರಿಸುವ ಮೊದಲು ಸೋಫಾದ ಬಟ್ಟೆ ಚಿವುಟಿ, "ಇದು ಹನ್ನೆರಡು ಸೆಕೆಂಡೂ ತಡೆಯಲ್ಲ" ಎಂದು ಮುಖ ಸಿಂಡರಿಸುತ್ತಾರೆ. ಜೇಬಿನಿಂದ ಪುಟ್ಟ ಕತ್ತರಿ ಹೊರಬಂತೆಂದರೆ ಹೆಂಡತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಅತ್ತಿಗೆಯ ಹೊಸ ಪರದೆಯ ಅಂಚು, ದಂತವೈದ್ಯರ ಕುರ್ಚಿಯ ಬೆನ್ನು, ಯಾವುದೂ ಆ ಕತ್ತರಿಯಿಂದ ಪಾರಾದದ್ದಿಲ್ಲ. ರೈಲಿನಲ್ಲಿ ಮಾತ್ರ ಅವರದು ಮನೆ ಯಜಮಾನನ ಗತ್ತು. ಕಿಟಕಿಯ ಪರದೆ ಸವರಿ, "ನಾನು ಪಾಸು ಮಾಡಿದ್ದು ಕಣೇ, ಕೊಳ್ಳಿ ಇಟ್ಟರೂ ಉರಿಯಲ್ಲ" ಎನ್ನುತ್ತಾರೆ. ಮೊನ್ನೆ ಅದೇ ಹೆಮ್ಮೆಗೆ ರೈಲಿನ ಪರದೆಯ ಮೂಲೆಯನ್ನೂ ಕತ್ತರಿಸಿ ತಂದರು. ಮರುದಿನ ಕೆಲಸದಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತುಬಿಟ್ಟರು. "ಏನಾಯ್ತ್ರೀ?" ಎಂದಳು ಹೆಂಡತಿ. "ಆ ಪರದೆ ಚೂರಿಗೆ ಬೆಂಕಿ ಇಟ್ಟರೆ ಕಾಗದದ ಹಾಗೆ ಭಗ್ ಅಂತ ಹತ್ಕೊಂಡ್ತು ಕಣೇ. ಒಗೆದೂ ಒಗೆದೂ ಬೆಂಕಿ ತಡೆಯೋಕೆ ಹಚ್ಚಿದ್ದೆಲ್ಲ ಹೋಗ್ಬಿಟ್ಟಿದೆ. ಇಪ್ಪತ್ತು ವರ್ಷ ಹೊಸ ಬಟ್ಟೆನೇ ಸುಟ್ಟು ಸಹಿ ಹಾಕ್ದೆ. ಒಗೆದದ್ದನ್ನ ಒಂದ್ಸಲನೂ ಸುಟ್ಟು ನೋಡ್ಲಿಲ್ಲ." ಆ ಬೆಳಗ್ಗೆಯಷ್ಟೇ ಅವಳು ಮಗಳನ್ನು ರೈಲು ಹತ್ತಿಸಿ, "ನಿಮ್ಮಪ್ಪನ ಪರದೆ, ಧೈರ್ಯವಾಗಿ ಒರಗಿ ನಿದ್ದೆ ಮಾಡು" ಎಂದು ಹೇಳಿ ಬಂದಿದ್ದಳು.