ಸರೋಜಳ ತೂಕ

ನನ್ನ ಮಗಳು ಸರೋಜಳಿಗೆ ಬರುತ್ತಿದ್ದ ಹಾಲಿನಪುಡಿ ನಿಂತದ್ದು ಸರ್ಕಾರದಿಂದಲ್ಲ, ಪುಡಿ ಕಳಿಸಿದ ಪರದೇಶದವರಿಂದಲೂ ಅಲ್ಲ. ನಿಲ್ಲಿಸಿದವಳು ನಾನು. ಇಷ್ಟು ವರ್ಷ ಅವರನ್ನೆಲ್ಲ ಬೈದುಕೊಂಡು ತಿರುಗಿದ್ದಾಯಿತು, ಸಾಕು. ಇವತ್ತು ಸರೋಜಳ ಮಗಳು ಟೀಗೆಂದು ಹಾಲಿನಪುಡಿಯ ಪೊಟ್ಟಣ ಕತ್ತರಿಸಿದಳು ನೋಡಿ, ಅದೇ ಸಿಹಿ ವಾಸನೆ. ಮಕ್ಕಳಿಂದ ಮುಚ್ಚಿಟ್ಟಿದ್ದು ಬಾಯಿಗೆ ಬಂತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಮಂಡಿ ಮೊಹಲ್ಲಾದಲ್ಲಿ ನಮ್ಮ ಮನೆ. ಯಜಮಾನರು ಮೆಣಸಿನಕಾಯಿ ಮಂಡಿಯಲ್ಲಿ ತೂಕ ಹಾಕುವವರು. ಊಟಕ್ಕೆ ಕೂತಾಗಲೂ ಕಳ್ಳತೂಕದವರನ್ನು ಬೈಯುವರು, ನಾನೂ ಹೂಂಗುಟ್ಟುತ್ತಿದ್ದೆ. ಸರೋಜಳಿಗೆ ಒಂದೂವರೆ ವರ್ಷ, ನಿಂತರೆ ಮೊಣಕಾಲು ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಸೊರಗಿದ ಮಕ್ಕಳನ್ನು ಜೋಲಿತಕ್ಕಡಿಯಲ್ಲಿ ತೂಗಿ ಪುಕ್ಕಟೆ ಹಾಲಿನಪುಡಿ ಕೊಡುವರು. ಪಕ್ಕದ ಮನೆಯ ಫಿಲೋಮಿನಾಳ ಮಗ ತೂಕದಲ್ಲಿ ಏರುತ್ತಿದ್ದ, ನನ್ನದು ಇದ್ದಲ್ಲೇ.

"ಏನಮ್ಮ, ಪುಡಿ ಮಗೂಗ್ ಕೊಡ್ತೀಯೋ, ನೀನೇ ಕುಡ್ದ್‌ಬುಡ್ತೀಯೋ?" ಎಂದು ನರ್ಸಮ್ಮ ಸಾಲಿನವರ ಎದುರಿಗೇ ಕೇಳಿದರು. ಎಲ್ಲ ನಕ್ಕರು. ನನಗೆ ಉರಿದುಹೋಯಿತು. ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ದಿನಕ್ಕೆರಡು ಚಮಚ ನನ್ನ ಕಾಫಿಗೇ ಬೀಳುತ್ತಿತ್ತು. ಎಮ್ಮೆಹಾಲಿನ ಕಾಫಿಯೂ ಅದರ ಮುಂದೆ ಸಪ್ಪೆ, ಏನು ಮಾಡಲಿ?

ಮುಂದಿನ ತಿಂಗಳು ಯಜಮಾನರ ಅರ್ಧ ಸೇರಿನ ಕಬ್ಬಿಣದ ತೂಕದಕಲ್ಲನ್ನು ಕೌದಿಯ ಮಡಿಕೆಯಲ್ಲಿಟ್ಟು ಹೊಲಿದೆ. ಚಳಿಯ ನೆಪ ಹೇಳಿ ಮಗುವನ್ನು ಅದರಲ್ಲೇ ಸುತ್ತಿ ತೂಗಿಸಿದೆ. ತಕ್ಕಡಿಯ ಮುಳ್ಳು ಏರಿತು. ಫಿಲೋಮಿನಾಳ ಕಡೆ ತಿರುಗಿ ಸೆರಗು ಸರಿಮಾಡಿಕೊಂಡೆ.

"ಭೇಷ್ ಕಣಮ್ಮ! ಇನ್ ನಿನ್ ಮಗೂಗೆ ಪುಡಿ ಬೇಕಿಲ್ಲ. ಸೊರಗಿರೋ ಮಕ್ಕಳು ಇನ್ನೂ ಅವೆ" ಎಂದು ನರ್ಸಮ್ಮ ಪಟ್ಟಿಯಲ್ಲಿ ಸರೋಜಳ ಹೆಸರಿನ ಮೇಲೆ ಗೆರೆ ಎಳೆದೇಬಿಟ್ಟರು.

ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಮಗುವನ್ನು ಕೌದಿಸಮೇತ ಎತ್ತಿಕೊಂಡು ಮನೆಗೆ ಬಂದೆ. ಸರೋಜ ಪುಡಿಯ ಖಾಲಿ ಡಬ್ಬದೊಳಕ್ಕೆ ಕೈಹಾಕಿ ಬೆರಳು ನೆಕ್ಕುತ್ತ ಕೂತಳು. ಹಿಂದೆಯೇ ಬಂದ ಫಿಲೋಮಿನಾ, ನಾನು ಜಗಲಿಗೆ ಒಗೆದ ಕೌದಿ ಟಣ್ ಎಂದದ್ದನ್ನು ಕೇಳಿ, ಎತ್ತಿ ಹಿಸುಕಿ ನೋಡಿದಳು.

"ಪುಡಿ ಕೊಡಿಸೋದಾದ್ರೆ ಇನ್ಮೇಲೆ ಈ ಕಲ್ಲಿಗೇ ಕೊಡ್ಸಿ ಅಕ್ಕ. ಚೆನ್ನಾಗಿ ಏರ್‍ತದೆ" ಎಂದಳು. ನಗಲಿಲ್ಲ.

ಮರುದಿನ ಬೆಳಿಗ್ಗೆ ಸರೋಜಳ ಲಂಗ, ಕಾಲ್ಗಡಗ, ಉಡಿದಾರ ಎಲ್ಲ ಬಿಚ್ಚಿ, ಬರಿಮೈಯಲ್ಲೇ ಸೊಂಟದ ಮೇಲಿಟ್ಟುಕೊಂಡು ಇಡೀ ಬೀದಿ ನಡೆದೆ. ಆಸ್ಪತ್ರೆಯಲ್ಲಿ ಅವತ್ತು ಬೇರೆ ಮೊಹಲ್ಲಾದವರ ಸರದಿ; ಅವರ ಸಾಲು ದಾಟಿ ಒಳಗೆ ಹೋಗಿ, ಕಲ್ಲನ್ನು ನರ್ಸಮ್ಮನ ಮೇಜಿನ ಮೇಲಿಟ್ಟು, ಮಗುವನ್ನು ಜೋಲಿಗೆ ಹಾಕಿದೆ.

"ಈಗ ತೂಗಿ" ಎಂದೆ.